ಹಳದಿ ಹಾಳೆಯ ಹದಿನಾಲ್ಕು ತಪ್ಪುಗಳು

ನಮ್ಮ ಪ್ರಕಾಶನದಲ್ಲಿ ಪುಸ್ತಕ ಓದುತ್ತಿದ್ದವರು ಒಬ್ಬರೇ ಒಬ್ಬರು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಯಜಮಾನರು ನೋಡುವುದು ಕಾಗದದ ದಪ್ಪ. ಮುದ್ರಣದ ಕೋಣೆಯವರು ನೋಡುವುದು ಶಾಯಿ. ನಾನು ಪುಟ ಜೋಡಿಸುವವಳು. ನನ್ನ ಕಣ್ಣಿಗೆ ಬೀಳುವುದು ಅಂಚು, ಸಾಲಿನ ನಡುವಿನ ಸಂದು, ಪುಟದ ತುದಿಯಲ್ಲಿ ಒಂಟಿಯಾಗಿ ಜೋತುಬಿದ್ದ ಪದ. ಕತೆಯೊಳಗೆ ಯಾರು ಸತ್ತರು, ಯಾರು ಉಳಿದರು ಎನ್ನುವುದು ನನಗೆ ಬೇಡದ ಉಸಾಬರಿ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದವರು ಕರಡು ತಿದ್ದುವ ಪುಕ್ಕಲಕ್ಕ ಮಾತ್ರ.

ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಒಂಬತ್ತು ವರ್ಷದ ಹಿಂದೆ ನಾನು ಸೇರಿದಾಗಲೇ ಅದು ಅವರಿಗೆ ಅಂಟಿಕೊಂಡಿತ್ತು, ಅವರೂ ಬೇಸರವಿಲ್ಲದೆ ಅದಕ್ಕೆ ಓಗೊಡುತ್ತಿದ್ದರು. ಕೆಳಗಿನ ಸೈಕಲ್ ಅಂಗಡಿಯಲ್ಲಿ ಟ್ಯೂಬು ಸಿಡಿದರೆ ಮೇಲಿನ ಮಹಡಿಯಲ್ಲಿ ಕೂತ ಇವರು ಪೆನ್ಸಿಲು ಕೈಬಿಟ್ಟು ಎದೆ ಹಿಡಿದುಕೊಳ್ಳುತ್ತಿದ್ದರು. ಫೋನು ಬಡಿದುಕೊಂಡರೆ ಯಾರೋ ಹೋಗಿಬಿಟ್ಟರು ಎಂದೇ ಅವರ ಎಣಿಕೆ. ಸಂಜೆ ಮೇಜಿನ ಡ್ರಾಯರಿಗೆ ಬೀಗ ಹಾಕಿ, ಮೂರು ಸಲ ಎಳೆದು ನೋಡಿ, "ಹಾಕಿದ್ನೇನೇ?" ಎಂದು ನನ್ನನ್ನು ಕೇಳದೆ ಅವರು ಮೆಟ್ಟಿಲಿಳಿದ ದಿನವಿಲ್ಲ.

"ಒಳಗಿರೋದು ಎರಡು ಪೆನ್ಸಿಲು, ಒಂದು ರಬ್ಬರು ಅಕ್ಕ. ಕಳ್ಳ ಬಂದ್ರೆ ಅಯ್ಯೋ ಪಾಪ ಅಂತ ಅವನೇ ಇನ್ನೊಂದು ಪೆನ್ಸಿಲು ಇಟ್ಟು ಹೋಗ್ತಾನೆ" ಎಂದು ನಾನು ರೇಗಿಸುತ್ತಿದ್ದೆ. ಅವರೂ ನಗುತ್ತಿದ್ದರು. ನಕ್ಕು, ಮತ್ತೊಮ್ಮೆ ಎಳೆದು ನೋಡುತ್ತಿದ್ದರು.

ಈ ಹೆದರಿಕೆಯೇ ನಮ್ಮ ಸಂಸ್ಥೆಗೆ ಅನ್ನ ಹಾಕುತ್ತಿತ್ತು ಎಂದರೆ ನಂಬುತ್ತೀರಾ? ನಮ್ಮಲ್ಲಿ ಓಡುತ್ತಿದ್ದುದು ಒಂದೇ ಸರಣಿ, 'ಹೊಗೆನಾಡು'. ಹೊಗೆ ಮುಚ್ಚಿದ ಒಂದು ನಾಡು, ಅದರ ನಡುವೆ ಒಂದು ನದಿ, ಆ ನದಿಯಲ್ಲಿ ಜನರನ್ನು ದಾಟಿಸುವ ಒಬ್ಬ ದೋಣಿಗಿತ್ತಿ. ಆಕೆಯ ಸಾಹಸಗಳು ಐದು ಪುಸ್ತಕಗಳಾಗಿ ಬಂದು, ಓದುಗರು ಆರನೆಯದಕ್ಕೆ ಬಾಯ್ಬಿಟ್ಟುಕೊಂಡು ಕಾಯುತ್ತಿದ್ದರು. ಹೊಸ ಹಸ್ತಪ್ರತಿ ಬಂದಾಗಲೆಲ್ಲ ಯಜಮಾನರು ಅದನ್ನು ಅಕ್ಕನ ಮೇಜಿನ ಮೇಲಿಟ್ಟು ಸಂಜೆಗಾಗಿ ಕಾಯುತ್ತಿದ್ದರು. ಅಕ್ಕ ಮನೆಗೆ ಹೋಗಬೇಕಾದರೆ ರೈಲು ಹಳಿಯ ಕೆಳಗಿನ ಸುರಂಗ ದಾಟಬೇಕು. ಅವರು ಒಬ್ಬರೇ ಹೊರಟರೆ ಪುಸ್ತಕದಲ್ಲಿ ಹುರುಳಿಲ್ಲ. "ಸುರಂಗದ ತನಕ ಬರ್ತೀಯೇನೇ?" ಎಂದು ನನ್ನನ್ನು ಕೇಳಿದರೆ ಪುಸ್ತಕ ಗೆದ್ದಿತು. ಯಜಮಾನರು ಎಷ್ಟು ಪ್ರತಿ ಅಚ್ಚು ಹಾಕಬೇಕೆಂದು ತೀರ್ಮಾನಿಸುತ್ತಿದ್ದುದೇ ಹೀಗೆ.

ಇನ್ನೊಂದು ಪದ್ಧತಿಯೂ ಇತ್ತು. ಓದಿ ಮುಗಿಸಿದ ಮೇಲೆ ಅಕ್ಕ ಎರಡು ಕಾಗದ ಬರೆಯುತ್ತಿದ್ದರು. ಬಿಳಿ ಹಾಳೆಯದು ಲೇಖಕರಿಗೆ: ನಾಲ್ಕು ಒಳ್ಳೆಯ ಮಾತು, ನಮಸ್ಕಾರ. ಹಳದಿ ಹಾಳೆಯದು ಯಜಮಾನರಿಗೆ ಮಾತ್ರ. ಅದರಲ್ಲಿ ನಡುವೆ ಗೆರೆ ಎಳೆದು ಎಡಗಡೆ 'ಎತ್ತಿದ ಕೈ', ಬಲಗಡೆ 'ಎಡವಿದ ಕಾಲು' ಎಂದು ಬರೆಯುತ್ತಿದ್ದರು. ಎದುರಿಗೆ ನಿಂತರೆ ಒಂದು ಗಟ್ಟಿ ಮಾತಾಡದ ಅಕ್ಕ ಹಳದಿ ಹಾಳೆಯಲ್ಲಿ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. "ದೋಣಿಗಿತ್ತಿಯ ಅಂಗೈಯಲ್ಲಿ ಬೊಬ್ಬೆ ಇದೆ, ಅವಳಿಗೆ ಹಸಿವಾಗುತ್ತದೆ, ಅದಕ್ಕೇ ಅವಳನ್ನು ನಂಬುತ್ತೇನೆ" ಎಂದು ಎಡಗಡೆ. "ಖಳ ಕತ್ತಿ ಎತ್ತಿಕೊಂಡು ಎರಡು ಪುಟ ಭಾಷಣ ಮಾಡುತ್ತಾನೆ. ಅಷ್ಟರಲ್ಲಿ ನಾನಾಗಿದ್ದರೂ ಓಡಿಹೋಗುತ್ತಿದ್ದೆ" ಎಂದು ಬಲಗಡೆ.

ಐದು ಪುಸ್ತಕಗಳಲ್ಲಿ ಯಾವ ಊರು ನದಿಯ ಯಾವ ದಡದಲ್ಲಿದೆ, ಯಾರ ಎಡಗಣ್ಣು ಹೋಗಿದೆ, ಯಾವ ಕುದುರೆ ಯಾವ ಬಣ್ಣ ಎಂಬುದನ್ನು ನಮ್ಮಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಹಿಂದಿನ ಪುಸ್ತಕ ತೆರೆದು ನೋಡುವ ರೂಢಿಯೂ ಇರಲಿಲ್ಲ. ಎಲ್ಲ ಅಕ್ಕನ ತಲೆಯಲ್ಲಿತ್ತು. "ನಮ್ಮ ಬೀರು ನಡೆದಾಡುತ್ತೆ ಕಣ್ರೀ" ಎಂದು ಯಜಮಾನರು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು.

ಆರನೆಯ ಹಸ್ತಪ್ರತಿ ಬಂದ ದಿನ ಸಂಜೆಯೇ ಅಕ್ಕ ನನ್ನನ್ನು ಕರೆದರು. ಮರುದಿನವೂ ಕರೆದರು. ಹೀಗೆ ಸತತ ಎಂಟು ಸಂಜೆ. ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು. ಕಾಗದಕ್ಕೆ ಹೇಳಿಕಳಿಸಿಯೂ ಆಯಿತು. ಸುರಂಗದೊಳಗೆ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರೆ ಬಳೆ ಒತ್ತಿ ಗುರುತಾಗುತ್ತಿತ್ತು. ಆಚೆ ಬಂದ ಮೇಲೆ ರಸ್ತೆ ಎರಡಾಗಿ ಒಡೆಯುತ್ತದೆ. ಅಲ್ಲಿ ಅವರು ನಿಂತು ಆ ಕಡೆ ಈ ಕಡೆ ನೋಡುತ್ತಿದ್ದರು. ಸುಧಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ "ನೀನು ಯಾವ ಕಡೆ?" ಅನ್ನುತ್ತಿದ್ದರು. "ನಾನು ವಾಪಸ್ಸು ಅಕ್ಕ, ನೀವು ಬಲಕ್ಕೆ" ಎಂದರೆ, "ಗೊತ್ತು ಬಿಡೇ" ಎಂದು ಬಲಕ್ಕೆ ನಡೆಯುತ್ತಿದ್ದರು. ನಾನೂ ಎಂಥ ಪೆದ್ದು ನೋಡಿ, ಆರನೆಯ ಪುಸ್ತಕದಲ್ಲಿ ಅದೆಂಥ ಭೂತವಿದೆಯೋ ಎಂದುಕೊಂಡು ಹಿಂದಿರುಗುತ್ತಿದ್ದೆ.

ಒಂಬತ್ತನೆಯ ದಿನ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಮುಚ್ಚಿಟ್ಟು ನನ್ನ ಕುರ್ಚಿಯ ಪಕ್ಕಕ್ಕೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಸರ್ವೇಯರಿಗೆ ಮರೆವು ಶುರುವಾಗಿದೆ ಕಣೇ" ಎಂದರು.

ಸರ್ವೇಯರ್ ಎಂದರೆ ಹೊಗೆನಾಡಿನ ಲೇಖಕರು. ಮೂವತ್ತು ವರ್ಷ ಜಮೀನು ಅಳೆದು ನಿವೃತ್ತರಾದ ಮೇಲೆ ಇಲ್ಲದ ನಾಡನ್ನು ಅಳೆಯಲು ಕೂತವರು. ಅರವತ್ತೆಂಟರ ಮೇಲಾಗಿತ್ತು.

"ಎರಡನೇ ಪುಸ್ತಕದಲ್ಲಿ ಮರದ ಸೇತುವೆ ಸುಟ್ಟುಹೋಯ್ತು. ಇದರಲ್ಲಿ ಅದೇ ಸೇತುವೆ ಮೇಲೆ ಜನ ಓಡಾಡ್ತಿದಾರೆ. ಮೂರನೇದರಲ್ಲಿ ದೋಣಿಗಿತ್ತಿ ಅಣ್ಣ ಹೊಗೆಯೊಳಗೆ ಹೋಗಿ ಸತ್ತ. ಇದರಲ್ಲಿ ಮೊದಲನೇ ಪುಟದಲ್ಲೇ ಹುಟ್ಟು ಹಾಕ್ತಾ ಕೂತಿದಾನೆ! ಹೇಗೆ ಬಂದ, ಏನು ಕತೆ, ಒಂದು ಮಾತಿಲ್ಲ. ಜಮೀನು ಅಳೆದ ಮನುಷ್ಯ ಸೇತುವೆ ಮರೀತಾನೇನೇ? ಒಟ್ಟು ಹದಿನಾಲ್ಕು ತಪ್ಪು ಹೀಗೇ."

"ಐದನೇದರಲ್ಲಿ ಏನಾದ್ರೂ ಬಂದಿತ್ತೇನೋ ಅಕ್ಕ" ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

"ಐದನೇದು ತಿದ್ದಿದ್ದು ನಾನೇ. ನನಗೆ ಗೊತ್ತಿಲ್ವಾ?"

ಆ ಮಾತು ಅಲ್ಲಿಗೆ ಮುಗಿಯಿತು. ಐದನೆಯದರ ಪುಟ ಜೋಡಿಸಿದ್ದು ನಾನೇ. ಒಂದೇ ಒಂದು ಅಧ್ಯಾಯ ಓದಿದ್ದರೂ ನನ್ನ ಬಾಯಿಂದ ಬೇರೆ ಮಾತು ಬರುತ್ತಿತ್ತು. ಈಗ ಹಲುಬಿ ಏನು ಬಂತು.

ಅಕ್ಕ ಕೂತು ಅವರ ಅಮ್ಮನ ವಿಷಯ ಹೇಳಿದರು. ಹನ್ನೊಂದು ವರ್ಷ ಅವರೂ ಅವರ ತಂಗಿಯೂ ಅಮ್ಮನನ್ನು ನೋಡಿಕೊಂಡಿದ್ದು ಗೊತ್ತಿತ್ತು. ಇಷ್ಟು ಬಿಡಿಸಿ ಹೇಳಿದ್ದು ಅದೇ ಮೊದಲು. ಮೊದಲು ಸಾರಿಗೆ ಎರಡು ಸಲ ಉಪ್ಪು ಬಿತ್ತಂತೆ. ಆಮೇಲೆ ತೀರಿಹೋದ ತಮ್ಮನಿಗೆ ತಟ್ಟೆ ಇಡತೊಡಗಿದರಂತೆ. "ಕೊನೇಲಿ ನನ್ನ ಕಂಡ್ರೆ ಹೆದರ್ತಿದ್ಲು. ಗೋಡೆಗೆ ಒತ್ತಿಕೊಂಡು ಕೂತು, 'ತಾಯಿ, ನೀವು ಯಾರ ಮಗಳು?' ಅಂತಿದ್ಲು. ಬಹುವಚನ ಬೇರೆ! ಹೆತ್ತಮ್ಮ ನನಗೆ ನೀವು ಅಂದ್ಲಲ್ಲ, ಆ ಹೆದರಿಕೆ ಇನ್ನೂ ಇಳಿದಿಲ್ಲ ಕಣೇ. ಪಾಪ, ಸರ್ವೇಯರ ಮನೇಲಿ ಯಾರಾದ್ರೂ ಗಮನಿಸಿದಾರೋ ಇಲ್ವೋ."

ಹಳದಿ ಹಾಳೆಯಲ್ಲಿ ಹದಿನಾಲ್ಕನ್ನೂ ಬರೆದರು. ಕೊನೆಗೆ, "ಲೇಖಕರ ನೆನಪು ಕೈಕೊಡುತ್ತಿದೆ. ಈ ಪುಸ್ತಕ ಅಚ್ಚಿಗೆ ಹೋಗಬಾರದು. ಅವರ ಮನೆಯವರಿಗೆ ಯಾರಾದರೂ ಮೆಲ್ಲಗೆ ತಿಳಿಸಬೇಕು" ಎಂದೂ ಬರೆದರು. ಬರೆಯುವಾಗ ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು. ಬಿಳಿ ಹಾಳೆ ಬರೆದರು, ಎರಡು ಲಕೋಟೆ ಅಂಟಿಸಿದರು. ಲೇಖಕರದ್ದನ್ನು ತಾವೇ ಕೊರಿಯರ್ ಅಂಗಡಿಗೆ ಕೊಟ್ಟು ಬಂದರು. ಆ ಸಂಜೆ ಬೀಗವನ್ನು ಏಳು ಸಲ ಎಳೆದರು. ನಾನು ಲೆಕ್ಕ ಹಾಕಿ ನಕ್ಕೆ.

ಮರುದಿನ ಯಜಮಾನರು ತಮ್ಮ ಲಕೋಟೆ ಒಡೆದು, ಕೋಣೆಯಿಂದ ಕೈಯಲ್ಲಿ ಬಿಳಿ ಹಾಳೆ ಹಿಡಿದುಕೊಂಡೇ ಹೊರಗೆ ಬಂದರು.

"'ತಮ್ಮ ಹೊಸ ಕಾದಂಬರಿ ಓದಿ ಬಹಳ ಸಂತೋಷವಾಯಿತು' ಅಂತ ಬರೆದಿದೀರಲ್ಲಮ್ಮಾ, ನಾನ್ಯಾವಾಗ ಕಾದಂಬರಿ ಬರೆದೆ?" ಎಂದು ನಕ್ಕರು.

ನನಗೂ ನಗು ಬಂತು. ಅಕ್ಕನ ಮುಖ ನೋಡಿ ನಗುವುದನ್ನು ನಿಲ್ಲಿಸಿದೆ. ಅವರು ಮೇಜಿನ ಅಂಚು ಹಿಡಿದು ಎದ್ದರು, ಮತ್ತೆ ಕೂತರು. ಬಿಳಿ ಹಾಳೆ ಯಜಮಾನರಿಗೆ ಬಂದಿದ್ದರೆ ಹಳದಿ ಹಾಳೆ ಎಲ್ಲಿಗೆ ಹೋಯಿತು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕನ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಒಂದು ಸಲವೂ ಅದಲುಬದಲಾಗದ ಲಕೋಟೆಗಳು ಅವು.

"ಏನು ಬರೆದಿದ್ರಿ?" ಎಂದು ಯಜಮಾನರು ಕೇಳಿದರು. ನಾನೇ ಹೇಳಿದೆ. ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸರ್ವೇಯರ ಮನೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಕೊರಿಯರ್ ಅಂಗಡಿಗೆ ಮಾಡಿದರೆ ಬೆಳಿಗ್ಗೆ ಒಂಬತ್ತೂವರೆಗೇ ಮುಟ್ಟಿಸಿಯಾಗಿದೆ ಎಂದರು.

ಆ ದಿನ ಹೇಗೆ ಕಳೆಯಿತೋ ನಾನರಿಯೆ. ಹಿಂದಿನ ಕೋಣೆಯಲ್ಲಿ ಯಂತ್ರ ಓಡುತ್ತಿತ್ತು, ನೆಲ ಸಣ್ಣಗೆ ನಡುಗುತ್ತಿತ್ತು. ಅಕ್ಕ ಅದರ ಮೇಲೆ ಪಾದ ಊರಲಾರದೆ ಕಾಲು ಮಡಿಚಿ ಕುರ್ಚಿಯ ಮೇಲೇ ಇಟ್ಟುಕೊಂಡು ಕೂತಿದ್ದರು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡದು ಬೇರೆಯಿತ್ತು. "ನಮ್ಮಮ್ಮನಿಗೆ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು ಕಣೇ. ಅವತ್ತಿಂದಲೇ ಅವಳು ಇಳಿದುಹೋದ್ಲು. ನಾನೂ ಹಾಗೇ ಹೇಳಿಬಿಟ್ನಲ್ಲ. ಆ ಮನುಷ್ಯ ಏನಾದ್ರೂ ಮಾಡಿಕೊಂಡ್ರೆ?" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಕಬ್ಬಿಣದ ಮೆಟ್ಟಿಲಲ್ಲಿ ಯಾರ ಹೆಜ್ಜೆ ಸದ್ದಾದರೂ ಇಬ್ಬರೂ ಬಾಗಿಲ ಕಡೆ ತಿರುಗುತ್ತಿದ್ದೆವು.

ಸರ್ವೇಯರ್ ಬಂದಿದ್ದು ಅದರ ಮರುದಿನ ಹತ್ತು ಗಂಟೆಗೆ. ಉದ್ದನೆಯ ಮನುಷ್ಯ, ಕಂಕುಳಲ್ಲಿ ಬಟ್ಟೆಯ ಚೀಲ. ಯಜಮಾನರು ಬಾಗಿಲಲ್ಲೇ ಕೈಮುಗಿದು, "ದೊಡ್ಡ ಪ್ರಮಾದ ಆಗಿಬಿಟ್ಟಿದೆ, ದಯವಿಟ್ಟು..." ಎಂದು ಶುರು ಮಾಡಿದರು. ಸರ್ವೇಯರ್ ಬೇಡವೆಂದು ಕೈಯಾಡಿಸಿ ನೇರ ಅಕ್ಕನ ಮೇಜಿನ ಬಳಿಗೆ ಬಂದು, ಚೀಲದಿಂದ ಹಳದಿ ಹಾಳೆ ತೆಗೆದಿಟ್ಟರು. ಅಕ್ಕ ಎದ್ದು ನಿಂತಿದ್ದರು. ನನ್ನ ಮಣಿಕಟ್ಟು ಅವರ ಕೈಯಲ್ಲಿತ್ತು.

"ಬಲಗಡೆ ಮೊದಲನೇ ಮಾತು ನಿಜ ಅಮ್ಮಾ" ಎಂದರು ಸರ್ವೇಯರ್. "'ಹತ್ತು ತಲೆಯ ಹೊಗೆಹಾವು ಬರುವ ಮುಂಚೆ ಮೂರು ಸಲ ಗುಡುಗುತ್ತದೆ. ಹೇಳಿಕೇಳಿ ಬರುವುದಕ್ಕೆ ಯಾರು ಹೆದರುತ್ತಾರೆ' ಅಂತ ಬರೆದಿದೀರಿ. ಅದನ್ನ ತೆಗೆದುಬಿಟ್ಟೆ. ಕುದುರೆ ಬಣ್ಣ ತಪ್ಪಿದ್ದೂ ನಿಜ, ಹುಣ್ಣಿಮೆ ಎರಡು ಸಲ ಬಂದಿದ್ದೂ ನಿಜ. ಅವೆರಡೂ ನನ್ನವೇ. ಉಳಿದ ಹನ್ನೆರಡು..."

ಅಲ್ಲಿ ನಿಲ್ಲಿಸಿ ಅಕ್ಕನ ಮುಖ ನೋಡಿದರು. ಸಿಟ್ಟು ಮಾಡುತ್ತಾರೆ ಎಂದು ಕಾಯುತ್ತಿದ್ದ ನನಗೆ ಅವರ ಕಣ್ಣಲ್ಲಿ ಕಂಡದ್ದು ಸಿಟ್ಟಲ್ಲ. ಅವರೂ ಹೆದರಿದ್ದರು.

"ನಿನ್ನೆ ಕಾಗದ ಓದಿ ನನಗೇ ಅನುಮಾನ ಬಂತು. ನನ್ನ ತಲೆ ಕೆಟ್ಟಿದೆಯೇನೋ ಅಂತ ಬೆಳಿಗ್ಗೆಯಿಂದ ಸಂಜೆ ತನಕ ಐದೂ ಪುಸ್ತಕ ಮುಂದಿಟ್ಟುಕೊಂಡು ಕೂತೆ. ಫೋನೂ ಎತ್ತಲಿಲ್ಲ. ಆಮೇಲೆ ಇದು ಸಿಕ್ತು" ಎಂದು ಚೀಲದಿಂದ ಒಂದು ಕಟ್ಟು ತೆಗೆದರು. ಐದನೆಯ ಪುಸ್ತಕದ ಕರಡು ಪುಟಗಳು. ತಿದ್ದಿದ ಕರಡನ್ನು ಅವರು ಎಸೆಯದೆ ಇಟ್ಟುಕೊಳ್ಳುತ್ತಿದ್ದರಂತೆ. ನಡುವೆ ಒಂದು ಪುಟಕ್ಕೆ ದಾರ ಇಟ್ಟಿದ್ದರು. ಅದನ್ನು ತೆರೆದು ಅಕ್ಕನ ಕಡೆ ತಿರುಗಿಸಿದರು.

ಅಕ್ಕ ಓದಿದರು. ನಾನು ಅವರ ಭುಜದ ಮೇಲಿಂದ ಬಗ್ಗಿ ಓದಿದೆ. ಒಂಬತ್ತು ವರ್ಷದಲ್ಲಿ ನಾನು ಓದಿದ ಮೊದಲ ಪುಟ ಅದು. ಊರವರು ಸೇತುವೆಯನ್ನು ಮತ್ತೆ ಕಟ್ಟಿದ್ದಾರೆ. ಸತ್ತನೆಂದು ಎಲ್ಲರೂ ಅತ್ತು ಬಿಟ್ಟಿದ್ದ ಅಣ್ಣ ಹೊಗೆಯೊಳಗಿಂದ ಆ ಸೇತುವೆಯ ಮೇಲೆ ನಡೆದು ಬರುತ್ತಾನೆ. ದೋಣಿಗಿತ್ತಿ ಹುಟ್ಟು ಬಿಸಾಡಿ ಓಡುತ್ತಾಳೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಕೈಮುಗಿದು, "ತಾಯಿ, ನೀವು ಯಾರ ಮಗಳು?" ಎನ್ನುತ್ತಾನೆ.

ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುಂಡಗಿನ ಅಕ್ಷರಗಳಿದ್ದವು: "ಇಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು. ಇಡೀ ಸರಣಿಯ ಎತ್ತಿದ ಕೈ ಇದೇ. ಒಂದಕ್ಷರವೂ ಮುಟ್ಟಬೇಡಿ."

ಅಕ್ಕ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಇದು ನನ್ನ ಕೈಬರಹ" ಎಂದರು.

"ಹೌದಮ್ಮಾ."

"ಇದನ್ನ ನಾನು ಓದೇ ಇಲ್ಲ."

ಕೆಳಗಡೆ ಸೈಕಲ್ ಅಂಗಡಿಯಲ್ಲಿ ಏನೋ ಡಬ್ಬೆಂದು ಸಿಡಿಯಿತು. ಯಜಮಾನರು ಬೆಚ್ಚಿದರು, ನಾನು ಬೆಚ್ಚಿದೆ. ಅಕ್ಕ ಮಾತ್ರ ಕದಲಲಿಲ್ಲ. ಇಷ್ಟು ವರ್ಷ ಟ್ಯೂಬು, ಫೋನು, ಸುರಂಗ, ಬೀಗ ಎಂದು ಹೆದರಿಕೊಂಡು ಬಂದವರಿಗೆ ಹೆದರಬೇಕಾದ್ದು ಎದುರಿಗೇ ಸಿಕ್ಕಿತ್ತು. ಅದೂ ಗುಡುಗದೆ ಬಂದಿತ್ತು.

"ಹನ್ನೆರಡೂ ಇದರಲ್ಲೇ ಇವೆಯಾ?" ಎಂದು ಕೇಳಿದರು.

"ಇವೆ. ಹನ್ನೆರಡಕ್ಕೂ ನೀವೇ ಗುರುತು ಹಾಕಿದೀರಿ."

ಅಕ್ಕ ಕೂತರು. ಹಳದಿ ಹಾಳೆ ಎಳೆದುಕೊಂಡು ಪೆನ್ಸಿಲು ತೆಗೆದರು. ಕೊನೆಯ ಸಾಲಿನಲ್ಲಿ 'ಲೇಖಕರ' ಎಂದಿದ್ದುದನ್ನು ಕರಡಿನಲ್ಲಿ ಹೊಡೆದುಹಾಕುವ ಹಾಗೆಯೇ ಅಡ್ಡಗೆರೆ ಎಳೆದು ಹೊಡೆದು, ಮೇಲೆ ಸಣ್ಣಗೆ 'ನನ್ನ' ಎಂದು ಬರೆದರು. 'ಅವರ ಮನೆಯವರಿಗೆ' ಎಂದಿದ್ದುದನ್ನೂ ಹೊಡೆದು 'ನನ್ನ ತಂಗಿಗೆ' ಎಂದು ತಿದ್ದಿದರು. 'ಈ ಪುಸ್ತಕ ಅಚ್ಚಿಗೆ ಹೋಗಬಾರದು' ಎಂಬ ಸಾಲಿನ 'ಹೋಗಬಾರದು' ಹೊಡೆದು 'ಹೋಗಲಿ' ಮಾಡಿದರು. ಹಾಳೆಯನ್ನು ಯಜಮಾನರ ಕೈಗೆ ಕೊಟ್ಟರು. ಆ ದಪ್ಪ ಮನುಷ್ಯ ಅದನ್ನು ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ನಮಗೆ ಕೇಳಿಸುತ್ತಿತ್ತು.

ಮೆಲ್ಲಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕನ ತಂಗಿ ಹೊಲಿಗೆ ಕಲಿಸುವವರು. ಯಂತ್ರದ ಮುಂದೆ ಕೂತೇ ಎಲ್ಲ ಕೇಳಿಸಿಕೊಂಡು, "ಎರಡು ತಿಂಗಳಿಂದ ಗೊತ್ತಾಗ್ತಿದೆ. ಹೇಳೋಕೆ ಹೆದರಿಕೆ ಆಗ್ತಿತ್ತು" ಎಂದರು. ಡಾಕ್ಟರು ನೋಡಿದರು, ಮಾತ್ರೆ ಕೊಟ್ಟರು, ಇನ್ನೂ ಶುರು ಎಂದರು.

ಅಕ್ಕ ಈಗಲೂ ಬರುತ್ತಾರೆ. ಕಾಗುಣಿತದ ತಪ್ಪು ಅವರ ಕಣ್ಣು ತಪ್ಪಿಸುವುದಿಲ್ಲ. ಆರನೆಯ ಪುಸ್ತಕ ಅಚ್ಚಾಯಿತು, ಏಳನೆಯದು ಬಂದಿದೆ. ಹಿಂದಿನ ಆರನ್ನೂ ನಾನು ಓದಿದೆ. ಯಾವ ಸೇತುವೆ, ಯಾವ ಕುದುರೆ ಎಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಕತೆ ನನಗೆ ಬೇಡದ ಉಸಾಬರಿ ಎಂದವಳು ಈಗ ಅಕ್ಕನ ಪಕ್ಕ ಕೂತು ಗಟ್ಟಿಯಾಗಿ ಓದುತ್ತೇನೆ. ಅವರು ಕಣ್ಣು ಮುಚ್ಚಿ ಕೇಳಿ, ಹೆದರಿಕೆಯಾದಲ್ಲಿ ನನ್ನ ಮಣಿಕಟ್ಟು ಹಿಡಿಯುತ್ತಾರೆ. ಹಿಡಿದ ಕಡೆ ನಾನು ಗುರುತು ಹಾಕುತ್ತೇನೆ. ಒಂದು ದಿನ ಐದನೆಯದರ ಆ ಪುಟವನ್ನೂ ಓದು ಎಂದರು. ಓದಿದೆ. ಅದೇ ಸಾಲಿನಲ್ಲಿ ಹಿಡಿದರು. ವಾರ ಬಿಟ್ಟು ಮತ್ತೆ ಕೇಳಿದರು, ಮತ್ತೆ ಓದಿದೆ, ಮತ್ತೆ ಅಲ್ಲೇ ಹಿಡಿದರು, ಮೊದಲ ಸಲದಷ್ಟೇ ಬಿಗಿಯಾಗಿ.

ಸಂಜೆ ಸುರಂಗ ದಾಟಿ ಬಲಗಡೆಯ ರಸ್ತೆಯಲ್ಲಿ ಅವರ ಮನೆ ಬಾಗಿಲ ತನಕ ಹೋಗುತ್ತೇನೆ. "ಹಾಕಿದ್ನೇನೇ?" ಎಂದರೆ ರೇಗಿಸುವುದಿಲ್ಲ. "ಹಾಕಿದ್ರಿ ಅಕ್ಕ, ನಾನೇ ನೋಡಿದೆ" ಎನ್ನುತ್ತೇನೆ, ಎಷ್ಟು ಸಲ ಕೇಳಿದರೆ ಅಷ್ಟು ಸಲ.

ಸಂಜೆಗಳಿಗೆ ನನಗೆ ಹೆದರಿಕೆಯಿಲ್ಲ. ಹೆದರಿಕೆ ಇರುವುದು ಬೆಳಿಗ್ಗೆ. ಅಕ್ಕ ನನಗಿಂತ ಮೊದಲೇ ಬಂದು ಕೂತಿರುತ್ತಾರೆ, ತಲೆ ಬಗ್ಗಿಸಿ ಪೆನ್ಸಿಲು ಚೂಪು ಮಾಡುತ್ತಿರುತ್ತಾರೆ. ನಾನು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಅವರು ತಲೆಯೆತ್ತಿ ನೋಡುತ್ತಾರೆ.

"ಬಂದ್ಯೇನೇ?" ಎನ್ನುತ್ತಾರೆ. ಇವತ್ತೂ ಅಂದರು.